ಷೇರುಪೇಟೆಗೆ ಲೆಕ್ಕ ಓದಲು ಕಲಿಸಿದ ಬೆಂಜಮಿನ್ ಗ್ರಹಾಂ

ವರ್ಷಕ್ಕೆ ನಾಲ್ಕು ಬಾರಿ ನಮ್ಮ ದೇಶದ ಷೇರುಪೇಟೆಯಲ್ಲಿ ಜಾತ್ರೆಯ ಗದ್ದಲವೇಳುತ್ತದೆ. ಕಂಪೆನಿಗಳು ತಮ್ಮ ಮೂರು ತಿಂಗಳ ಲಾಭನಷ್ಟದ ಲೆಕ್ಕವನ್ನು ಪ್ರಕಟಿಸುವ ಕಾಲ ಅದು. ಅದರಲ್ಲೂ ಕಂಪ್ಯೂಟರ್ ಸಂಬಂಧದ ಕಂಪೆನಿಗಳ ಲೆಕ್ಕ ಹೊರಬೀಳುವ ದಿನವೆಂದರೆ ತೇರಿನ ದಿನವಿದ್ದಂತೆ. ಹಿಂದಿನ ಸಂಜೆ ಕೊಂಡು ಮರುದಿನ ಬೆಳಗ್ಗೆ ಮಾರಿದರೆ ವರ್ಷದ ಸಂಪಾದನೆ ಕೈಸೇರೀತೆಂಬ ಆಸೆ ಸಾವಿರಾರು ಜನರನ್ನು ಸೆಳೆಯುತ್ತದೆ. ಒಂದು ಕಾಲದಲ್ಲಿ ಈ ಗದ್ದಲ ಮುಂಬಯಿಯ ದಲಾಲ್ ಬೀದಿಗೆ ಮೀಸಲಾಗಿತ್ತು. ಈಗ ಮೊಬೈಲಿನ ದಾರಿಯಾಗಿ ಅದು ಗಡಿನಾಡಿನ ತೋಟದ ಮನೆಗಳ ಚಾವಡಿಯವರೆಗೂ ಬಂದು ಕುಳಿತಿದೆ.

ಬೆಂಗಳೂರಿನ ಇನ್‌ಫೋಸಿಸ್ ಕಂಪೆನಿಯ ಒಂದು ಉದಾಹರಣೆಯನ್ನು ನೋಡೋಣ. 2013ನೇ ಇಸವಿ ಜನವರಿ 11ರಂದು ಅದರ ತ್ರೈಮಾಸಿಕ ಲೆಕ್ಕ ಹೊರಬಂದಾಗ ಷೇರಿನ ಬೆಲೆ ಒಂದೇ ದಿನದಲ್ಲಿ ಸುಮಾರು ನೂರಕ್ಕೆ 17ರಷ್ಟು ಏರಿತು. ಅದೇ ವರ್ಷ ಏಪ್ರಿಲ್ 12ರಂದು ಮುಂದಿನ ಲೆಕ್ಕ ಬಂದಾಗ ಒಂದೇ ದಿನದಲ್ಲಿ ಸುಮಾರು ನೂರಕ್ಕೆ 21ರಷ್ಟು ಬಿತ್ತು. ಕಂಪೆನಿ ಅದೇ, ಅದರ ಕಟ್ಟಡಗಳೂ ಕೆಲಸಗಾರರೂ ಗಿರಾಕಿಗಳೂ ಬಹುಮಟ್ಟಿಗೆ ಅವರೇ. ಹಾಗಾದರೆ ಜನವರಿಯ ಒಂದು ದಿನದಲ್ಲಿ ಅದಕ್ಕೆ ಅಷ್ಟೊಂದು ಯೋಗ್ಯತೆ ಬಂದದ್ದು ಎಲ್ಲಿಂದ? ಏಪ್ರಿಲಿನ ಒಂದು ದಿನದಲ್ಲಿ ಅದು ಹೋದದ್ದು ಎಲ್ಲಿಗೆ?

ಈ ಪ್ರಶ್ನೆಯನ್ನೇ ಜೀವಮಾನವಿಡೀ ಕೇಳುತ್ತ, ಅದಕ್ಕೆ ಉತ್ತರ ಹುಡುಕುತ್ತ ಬಾಳಿದವರು ಅಮೆರಿಕದ ಬೆಂಜಮಿನ್ ಗ್ರಹಾಂ. ಅವರು ತೀರಿಕೊಂಡು ಅರ್ಧ ಶತಮಾನವೇ ಆಗುತ್ತ ಬಂದಿದ್ದರೂ ಷೇರಿನ ವಿಚಾರ ಬಲ್ಲವರು ಇಂದಿಗೂ ಅವರ ಹೆಸರನ್ನು ಗುರುವಿನ ಹೆಸರಿನಂತೆ ನೆನೆಯುತ್ತಾರೆ. ಅವರ ಜೀವನ ನಮ್ಮ ಮನೆಗಳಿಗೂ ಉಪಯೋಗಕ್ಕೆ ಬರುವಂಥದೆಂದು ತೋರಿದ್ದರಿಂದ ವಾಚಕರ ಮುಂದಿಡುತ್ತಿದ್ದೇವೆ.

ಬಾಲ್ಯದ ಬವಣೆ

ಗ್ರಹಾಂ ಹುಟ್ಟಿದ್ದು 1894ರ ಮೇ ತಿಂಗಳಲ್ಲಿ, ಲಂಡನ್ ನಗರದಲ್ಲಿ. ಹುಟ್ಟುಹೆಸರು ಬೆಂಜಮಿನ್ ಗ್ರಾಸ್‌ಬಾಂ. ಯೆಹೂದ್ಯ ಕುಟುಂಬ. ತಂದೆಯದು ಪಿಂಗಾಣಿ ಸಾಮಾನಿನ ವ್ಯಾಪಾರ. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಸಂಸಾರ ಹಡಗು ಹತ್ತಿ ನ್ಯೂಯಾರ್ಕ್ ಸೇರಿತು. ಕೆಲವು ವರ್ಷ ಸುಖವಾಗಿಯೇ ಕಳೆದುವು. ಆದರೆ 1903ರಲ್ಲಿ, ಹುಡುಗನಿಗೆ ಒಂಬತ್ತು ವರ್ಷವಾಗಿದ್ದಾಗ, ತಂದೆ ತೀರಿಕೊಂಡರು. ಮೂವರು ಗಂಡುಮಕ್ಕಳನ್ನು ಕಟ್ಟಿಕೊಂಡು ತಾಯಿ ವ್ಯಾಪಾರ ನಡೆಸಿ ನೋಡಿದರು, ಕೈಗೂಡಲಿಲ್ಲ. ಬಾಡಿಗೆಗೆ ಜನರನ್ನಿಟ್ಟುಕೊಂಡು ಊಟ ವಸತಿಯ ಮನೆ ನಡೆಸಿದರು, ಅದೂ ನಷ್ಟಕ್ಕೆ ಬಿತ್ತು.

ಕೊನೆಗೆ ಆ ತಾಯಿ ಷೇರುಪೇಟೆಯಲ್ಲಿ ಅದೃಷ್ಟ ಪರೀಕ್ಷೆಗಿಳಿದರು. ಬೆಲೆಯ ಒಂದಂಶವನ್ನು ಮಾತ್ರ ತಾವು ತೆತ್ತು, ಉಳಿದುದನ್ನು ದಲ್ಲಾಳಿಯಿಂದ ಸಾಲ ಪಡೆದು ಉಕ್ಕಿನ ಕಂಪೆನಿಯೊಂದರ ಷೇರು ಕೊಂಡಿದ್ದರು. 1907ರಲ್ಲಿ ಅಮೆರಿಕದ ಹಣದ ಪೇಟೆ ಕುಸಿದಾಗ ಇದ್ದಬದ್ದ ದುಡ್ಡೂ ಹೋಯಿತು. ಆ ದಿನಗಳಲ್ಲಿ ತಾಯಿಯ ಚೆಕ್ಕು ಹಿಡಿದು ಬ್ಯಾಂಕಿಗೆ ಹೋದ ಹುಡುಗನ ಎದುರಿಗೇ, ಈ ಹೆಂಗಸಿನ ಹೆಸರಿನಲ್ಲಿ ಐದು ಡಾಲರನ್ನಾದರೂ ನಂಬಿ ಕೊಡಬಹುದೇ ಎಂದು ಗುಮಾಸ್ತ ಇನ್ನೊಬ್ಬನನ್ನು ವಿಚಾರಿಸಿದನಂತೆ. ಆ ಅವಮಾನವನ್ನು ಗ್ರಹಾಂ ಮುಪ್ಪಿನವರೆಗೂ ಮರೆಯಲಿಲ್ಲ. ಸಾಲ ಮಾಡಿ ಷೇರು ಕೊಳ್ಳುವುದರ ಫಲವೇನೆಂಬುದು ಅವರಿಗೆ ಮೊದಲು ತಿಳಿದದ್ದು ತಮ್ಮ ಮನೆಯ ಅಡುಗೆಕೋಣೆಯಲ್ಲಿ.

ಹುಡುಗ ಓದಿನಲ್ಲಿ ಅಸಾಧಾರಣ. ಲ್ಯಾಟಿನ್, ಗ್ರೀಕ್, ಗಣಿತ ಎಲ್ಲವೂ ಕರತಲಾಮಲಕ. ಆದರೂ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿವೇತನ ಮೊದಲ ಸಲ ಕೈತಪ್ಪಿತು. ಅದೇ ಕುಲನಾಮದ ಅವರ ದಾಯಾದಿಯೊಬ್ಬನ ದಾಖಲೆಯೊಡನೆ ಅವರ ದಾಖಲೆ ಕಲಸಿಹೋದದ್ದೇ ಕಾರಣವೆಂದು ಆಮೇಲೆ ತಿಳಿಯಿತು. ತಪ್ಪು ಸರಿಹೋಗಿ 1911ರಲ್ಲಿ ಕಾಲೇಜು ಸೇರಿ, ಹೊಟ್ಟೆಪಾಡಿಗೆ ಕೆಲಸ ಮಾಡುತ್ತಲೇ ಮೂರು ವರ್ಷಗಳಲ್ಲಿ ಓದು ಮುಗಿಸಿದರು. 1914ರಲ್ಲಿ ಪದವಿ ಬಂದಾಗ ಇಂಗ್ಲಿಷ್, ಗಣಿತ, ತತ್ತ್ವಶಾಸ್ತ್ರ ಈ ಮೂರು ವಿಭಾಗಗಳೂ ಇವರನ್ನು ಅಧ್ಯಾಪಕರಾಗಲು ಕರೆದುವು. ಇಪ್ಪತ್ತು ವರ್ಷದ ತರುಣನಿಗೆ ಇದಕ್ಕಿಂತ ದೊಡ್ಡ ಗೌರವ ಬೇರೇನಿದೆ? ಆದರೆ ಮನೆಯ ಬಡತನ ದೊಡ್ಡದಾಗಿತ್ತು. ಡೀನರ ಸಲಹೆಯಂತೆ ಅವರು ವಾಲ್‌ಸ್ಟ್ರೀಟಿನ ದಲ್ಲಾಳಿ ಸಂಸ್ಥೆಯೊಂದರಲ್ಲಿ ವಾರಕ್ಕೆ 12 ಡಾಲರ್ ಸಂಬಳದ ಕೆಲಸಕ್ಕೆ ಸೇರಿದರು.

ಯಾರೂ ಓದದ ಕಾಗದ

ಅಂದಿನ ವಾಲ್‌ಸ್ಟ್ರೀಟಿನಲ್ಲಿ ಷೇರಿನ ಬೆಲೆಯನ್ನು ನಿರ್ಧರಿಸುತ್ತಿದ್ದುದು ಗಾಳಿಮಾತು. ಯಾವ ಶ್ರೀಮಂತ ಏನು ಕೊಂಡ, ಯಾರ ಗುಂಪು ಯಾವ ಷೇರನ್ನು ಎತ್ತಲು ಹೊರಟಿದೆ ಎಂಬ ಪಿಸುಮಾತಿನಿಂದಲೇ ವ್ಯಾಪಾರ ನಡೆಯುತ್ತಿತ್ತು. ಕಂಪೆನಿಯ ಆಸ್ತಿಯೆಷ್ಟು, ಸಾಲವೆಷ್ಟು, ನಿಜವಾದ ಲಾಭವೆಷ್ಟು ಎಂದು ಕಾಗದ ಬಿಡಿಸಿ ನೋಡುವವರು ವಿರಳ. ಅನೇಕ ಕಂಪೆನಿಗಳು ಲೆಕ್ಕವನ್ನು ಸರಿಯಾಗಿ ಹೊರಗೆ ಬಿಡುತ್ತಲೂ ಇರಲಿಲ್ಲ. ಹೊಸ ಗುಮಾಸ್ತ ಗ್ರಹಾಂ ಮಾತ್ರ ಆ ಒಣ ಕಾಗದಗಳನ್ನು ಕಾವ್ಯದಂತೆ ಓದಿದರು. ರೈಲ್ವೆ ಕಂಪೆನಿಯೊಂದರ ಸಾಲಪತ್ರಗಳ ಬಗ್ಗೆ ಅವರು ಬರೆದ ಟಿಪ್ಪಣಿಯನ್ನು ಕಂಡ ಇನ್ನೊಂದು ಸಂಸ್ಥೆ ಹೆಚ್ಚಿನ ಸಂಬಳಕ್ಕೆ ಕರೆಯಿತು. ತಮ್ಮ ಸಂಸ್ಥೆಯವರು ಬಿಟ್ಟುಕೊಡದೆ ಅವರಿಗಾಗಿಯೇ ಅಂಕಿಅಂಶಗಳ ವಿಭಾಗವೊಂದನ್ನು ತೆರೆದರು.

1915ರಲ್ಲಿ ಗುಗೆನ್‌ಹೈಮ್ ಎಂಬ ಗಣಿ ಕಂಪೆನಿ ಮುಚ್ಚುವ ತೀರ್ಮಾನಕ್ಕೆ ಬಂತು. ಅದರ ಷೇರು ಪೇಟೆಯಲ್ಲಿ ಸುಮಾರು 69 ಡಾಲರಿಗೆ ಸಿಗುತ್ತಿತ್ತು. ಅದರ ಕೈಯಲ್ಲಿದ್ದ ಬೇರೆ ತಾಮ್ರದ ಕಂಪೆನಿಗಳ ಷೇರುಗಳನ್ನು ಲೆಕ್ಕ ಹಾಕಿದರೆ ಒಂದೊಂದು ಷೇರಿನ ಹಿಂದೆ 76 ಡಾಲರಿನಷ್ಟು ಮಾಲು ಇತ್ತು. ಗ್ರಹಾಂ ಇದನ್ನು ಕಂಡುಹಿಡಿದು ತಿಳಿಸಿದರು, ಕೊಂಡವರಿಗೆ ನಿಶ್ಚಿತ ಲಾಭವಾಯಿತು. ಒಂದು ರೂಪಾಯಿಯ ಮಾಲನ್ನು ತೊಂಬತ್ತು ಪೈಸೆಗೆ ಕೊಳ್ಳುವುದು, ಅದಕ್ಕಿಂತಲೂ ಕಡಿಮೆಗೆ ಸಿಕ್ಕಿದರೆ ಇನ್ನೂ ಒಳ್ಳೆಯದು, ಎಂಬುದೇ ಅವರ ವಿದ್ಯೆಯ ಮೊದಲ ಪಾಠ.

ಆ ದಿನಗಳಲ್ಲೇ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ತೂಕದ ಯಂತ್ರ, ಸಮಯ ದಾಖಲಿಸುವ ಗಡಿಯಾರ, ರಂಧ್ರ ಕೊರೆದ ಕಾರ್ಡುಗಳಿಂದ ಲೆಕ್ಕ ಹಾಕುವ ಯಂತ್ರ ಮುಂತಾದವನ್ನು ತಯಾರಿಸುವ ಕಂಪೆನಿಯೊಂದು 1911ರಲ್ಲಿ ಹುಟ್ಟಿತ್ತು. ಅದರ ಲಾಭಕ್ಕೆ ಹೋಲಿಸಿದರೆ ಷೇರು ಬಹಳ ಅಗ್ಗವಾಗಿದೆಯೆಂದು ಗ್ರಹಾಂ ತಮ್ಮ ಯಜಮಾನರಿಗೆ ಸೂಚಿಸಿದರು. ಅದರ ಆಸ್ತಿಯ ಪಟ್ಟಿಯಲ್ಲಿ ಇರುವುದೆಲ್ಲ ಬರೇ ಹೆಸರಿನ ಬೆಲೆ, ಕೈಗೆ ಸಿಗುವ ವಸ್ತುವೇನೂ ಇಲ್ಲವೆಂದು ಯಜಮಾನರು ಗದರಿಸಿ ಕಳುಹಿಸಿದರು. ಆ ಗದರಿಕೆ ತರುಣನ ಮನಸ್ಸಿನಲ್ಲಿ ಎಷ್ಟು ಆಳವಾಗಿ ನಾಟಿತೆಂದರೆ ಮುಂದೆ ಜೀವಮಾನದಲ್ಲಿ ಅವರು ಆ ಷೇರನ್ನು ಕೊಳ್ಳಲೇ ಇಲ್ಲ. 1924ರಲ್ಲಿ ಆ ಕಂಪೆನಿ ಹೆಸರು ಬದಲಾಯಿಸಿಕೊಂಡಿತು. ಅದುವೇ ಜಗತ್ಪ್ರಸಿದ್ಧವಾದ ಐಬಿಎಂ.

ಕಲಿತವನೂ ಎಡವಿದ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಧ್ವನಿಯ ಹೆಸರುಗಳಿಗೆ ಅಮೆರಿಕದಲ್ಲಿ ತಿರಸ್ಕಾರವಿತ್ತು. ಗ್ರಾಸ್‌ಬಾಂ ಮನೆತನ ಗ್ರಹಾಂ ಆಯಿತು. ಪರರ ನಡುವೆ ಬದುಕುವವರು ಹೆಸರನ್ನೂ ತೆರಬೇಕಾಗಿ ಬರುವ ಸಂದರ್ಭಗಳಿವೆ. ಅದರ ನೋವನ್ನು ಗಡಿನಾಡಿನ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಗ್ರಹಾಂ ಹುಟ್ಟಾ ಜ್ಞಾನಿಯಾಗಿರಲಿಲ್ಲ. ತಮಗೆ ಪಾಠ ಹೇಳಿದ್ದ ಕೊಲಂಬಿಯಾದ ಪ್ರಾಧ್ಯಾಪಕರೊಬ್ಬರ ಹಣವನ್ನು ಅವರು ಷೇರುಪೇಟೆಯಲ್ಲಿ ತೊಡಗಿಸಿದ್ದರು. ಅದರಲ್ಲಿ ತಮ್ಮ ಪಾಲಿಗೆ ಬಂದ ಲಾಭವನ್ನು ಅಣ್ಣನೊಡನೆ ಸೇರಿ ಗ್ರಾಮಫೋನ್ ಅಂಗಡಿಗೆ ಹಾಕಿದರು. ಪೇಟೆ ಕುಸಿದಾಗ ಅಂಗಡಿಯಿಂದ ಹಣ ಹಿಂದಕ್ಕೆ ಬರಲಿಲ್ಲ, ಪ್ರಾಧ್ಯಾಪಕರ ಲೆಕ್ಕ ನಷ್ಟಕ್ಕಿಳಿಯಿತು. ಗ್ರಹಾಂ ತಿಂಗಳು ತಿಂಗಳು ಕಂತುಕಟ್ಟಿ ಆ ಋಣವನ್ನು ತೀರಿಸಿದರು.

1919ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಮೋಟಾರು ಗಾಡಿಗಳು ಆಗ ಹೊಸ ಯಂತ್ರವಿದ್ಯೆಯ ಅದ್ಭುತ. ಸವೆದ ಟಯರನ್ನು ಹೊಸ ವಿಧಾನದಿಂದ ಮತ್ತೆ ಬಳಕೆಗೆ ತರುತ್ತೇವೆಂದು ಸ್ಯಾವೋಲ್ಡ್ ಎಂಬ ಕಂಪೆನಿ ಹೊರಟಿತು. ಷೇರು ಬಿಡುಗಡೆಯಾದ ದಿನವೇ ಬೆಲೆ ಹಲವು ಪಟ್ಟು ಏರಿತು. ಅದರ ಮರಿ ಕಂಪೆನಿಗಳೂ ಒಂದರ ಹಿಂದೊಂದು ಬಂದುವು. ಆಸ್ತಿ ಲೆಕ್ಕ ನೋಡದೆ ಏನನ್ನೂ ಕೊಳ್ಳಬಾರದೆಂದು ಬಲ್ಲ ಗ್ರಹಾಂ ಕೂಡ ಸ್ನೇಹಿತರೊಡನೆ ಹಣ ಹೂಡಿದರು. ಮೊದಲ ಸಲ ಲಾಭ ಸಿಕ್ಕಿತು, ಅದನ್ನೂ ಸೇರಿಸಿ ಮತ್ತೆ ಹೂಡಿದರು. ಸ್ವಲ್ಪ ದಿನಗಳಲ್ಲೇ ಬೆಲೆಯೆಲ್ಲ ಗಾಳಿಗೆ ಹಾರಿಹೋಯಿತು. ಹೊಸ ಯಂತ್ರದ ಹೆಸರು ಕೇಳಿದೊಡನೆ ಬುದ್ಧಿವಂತನ ಬುದ್ಧಿಯೂ ಮಂಕಾಗುತ್ತದೆಂಬುದು ಅವರ ಎರಡನೆಯ ಪಾಠ. ನಮ್ಮ ಕಾಲದ ಯುವಕರಿಗೆ ಇದೇ ಮೊದಲ ಪಾಠವಾಗಬೇಕೆಂದು ನಮ್ಮ ಅಭಿಪ್ರಾಯ.

ವಾಷಿಂಗ್ಟನ್ನಿನ ಕಡತ

1923ರಿಂದ ಗ್ರಹಾಂ ಸ್ವತಂತ್ರವಾಗಿ ಇತರರ ಹಣ ನಿರ್ವಹಿಸತೊಡಗಿದರು. ಮುಂದೆ ಜೆರೋಮ್ ನ್ಯೂಮನ್ ಎಂಬವರು ಪಾಲುದಾರರಾದರು. ಈ ಅವಧಿಯಲ್ಲಿ ನಡೆದ ಒಂದು ಪ್ರಸಂಗ ಅವರ ಕೀರ್ತಿಗೆ ತಳಹದಿಯಾಯಿತು.

ರಾಕೆಫೆಲರರ ಸ್ಟ್ಯಾಂಡರ್ಡ್ ಆಯಿಲ್ ಸಾಮ್ರಾಜ್ಯವನ್ನು 1911ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತುಂಡರಿಸಿದಾಗ ಎಣ್ಣೆ ಸಾಗಿಸುವ ಕೊಳವೆಗಳ ಕೆಲವು ಕಂಪೆನಿಗಳು ಬೇರೆಯಾಗಿದ್ದುವು. ನಾರ್ದರ್ನ್ ಪೈಪ್‌ಲೈನ್ ಅವುಗಳಲ್ಲೊಂದು. ಷೇರುದಾರರಿಗೆ ಅದು ಕೊಡುತ್ತಿದ್ದ ವಾರ್ಷಿಕ ಲೆಕ್ಕ ಒಂದೆರಡು ಸಾಲಿನದು. ಆದರೆ ಸರಕಾರಕ್ಕೆ ವಿವರವಾದ ವರದಿ ಸಲ್ಲಿಸಬೇಕೆಂಬ ಕಾನೂನಿತ್ತು. 1926ರಲ್ಲಿ ಗ್ರಹಾಂ ರೈಲು ಹತ್ತಿ ವಾಷಿಂಗ್ಟನ್ನಿಗೆ ಹೋಗಿ, ಸರಕಾರಿ ಕಚೇರಿಯಲ್ಲಿ ಆ ಕಡತ ತರಿಸಿ ಓದಿದರು. ಪೇಟೆಯಲ್ಲಿ 65 ಡಾಲರಿಗೆ ಸಿಗುತ್ತಿದ್ದ ಒಂದೊಂದು ಷೇರಿನ ಹಿಂದೆ ನಗದು ಹಾಗೂ ರೈಲ್ವೆ ಸಾಲಪತ್ರಗಳ ರೂಪದಲ್ಲಿ 95 ಡಾಲರ್ ಸುಮ್ಮನೆ ಕುಳಿತಿತ್ತು! ಆ ಕಡತ ಎಲ್ಲರಿಗೂ ತೆರೆದಿತ್ತು. ತೆರೆದು ನೋಡಿದವರು ಮಾತ್ರ ಇರಲಿಲ್ಲ.

ಷೇರು ಕೊಂಡು, ಈ ಹಣವನ್ನು ಷೇರುದಾರರಿಗೆ ಹಂಚಿರೆಂದು ಕಂಪೆನಿಯ ಅಧಿಕಾರಿಗಳನ್ನು ಕೇಳಿದಾಗ ಅವರು ನಕ್ಕು ಕಳುಹಿಸಿದರು. 1927ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಆಯಿಲ್ ಸಿಟಿ ಎಂಬ ಸಣ್ಣ ಊರಿನಲ್ಲಿ ಸೇರಿದ ವಾರ್ಷಿಕ ಸಭೆಗೆ ಹೊರಗಿನಿಂದ ಬಂದ ಷೇರುದಾರರು ಗ್ರಹಾಂ ಒಬ್ಬರೇ. ಅವರು ಮಂಡಿಸಹೊರಟ ಸೂಚನೆಗೆ ಅನುಮೋದಕರಿಲ್ಲವೆಂದು ಸಭೆಯನ್ನು ನಿಮಿಷಗಳಲ್ಲಿ ಮುಗಿಸಿಬಿಟ್ಟರು. ಗ್ರಹಾಂ ಜಗಳವಾಡಲಿಲ್ಲ. ಇಡೀ ವರ್ಷ ಷೇರುದಾರರನ್ನು ಒಬ್ಬೊಬ್ಬರಾಗಿ ಕಂಡು, ಪತ್ರ ಬರೆದು, ಅವರ ಮತಾಧಿಕಾರ ಪತ್ರ ಸಂಗ್ರಹಿಸಿದರು. 1928ರ ಸಭೆಯಲ್ಲಿ ಐವರು ನಿರ್ದೇಶಕರಲ್ಲಿ ಇಬ್ಬರು ಅವರ ಕಡೆಯವರಾದರು. ಕೊನೆಗೆ ಕಂಪೆನಿ ಷೇರೊಂದಕ್ಕೆ 70 ಡಾಲರಿನಂತೆ ಹಂಚಿತು. ಕೊಟ್ಟ ಬೆಲೆಗಿಂತ ಹೆಚ್ಚು ಹಣ ಕೈಗೆ ಬಂತು, ಷೇರೂ ಉಳಿಯಿತು.

ಷೇರೆಂದರೆ ಏರಿಳಿಯುವ ಅಂಕಿಯಲ್ಲ, ಒಂದು ಉದ್ಯಮದಲ್ಲಿ ನಮಗಿರುವ ಪಾಲು. ಅದರ ಲೆಕ್ಕ ಕೇಳುವುದು ಪಾಲುದಾರನ ಹಕ್ಕು. ಇಂದು ಮೂರು ತಿಂಗಳಿಗೊಮ್ಮೆ ಪ್ರಕಟವಾಗುವ ಲೆಕ್ಕದ ಹಿಂದೆ ಇಂಥ ಎಷ್ಟೋ ಹೋರಾಟಗಳಿವೆ. ಆ ಹಕ್ಕನ್ನು ಪಡೆದ ಮೇಲೆ ನಾವು ಲೆಕ್ಕವನ್ನು ಓದದೆ, ಲೆಕ್ಕ ಬರುವ ದಿನವನ್ನು ಮಾತ್ರ ಜೂಜಿನ ದಿನವಾಗಿ ಮಾಡಿಕೊಂಡಿದ್ದೇವೆ.

ಬಿದ್ದು ಎದ್ದ ಕಾಲ

1920ರ ದಶಕದ ಕೊನೆಗೆ ಅಮೆರಿಕವಿಡೀ ಷೇರಿನ ಅಮಲಿನಲ್ಲಿತ್ತು. ಆಗಿನ ಯಂತ್ರವಿದ್ಯೆಯ ಮೋಹಿನಿಯೆಂದರೆ ರೇಡಿಯೋ. ಷೇರುದಾರರಿಗೆ ಲಾಭಾಂಶವನ್ನೇ ಕೊಟ್ಟಿರದ ಆರ್‌ಸಿಎ ಎಂಬ ರೇಡಿಯೋ ಕಂಪೆನಿಯ ಷೇರು 1929ರ ಸೆಪ್ಟೆಂಬರಿನಲ್ಲಿ 114 ಡಾಲರಿನವರೆಗೆ ಏರಿತ್ತು. 1932ರಲ್ಲಿ ಅದು ಎರಡೂವರೆ ಡಾಲರಿಗೆ ಇಳಿಯಿತು. ರೇಡಿಯೋ ಸುಳ್ಳಾಗಿರಲಿಲ್ಲ, ಮನೆಮನೆಗೂ ಬಂತು. ಸುಳ್ಳಾದದ್ದು ಅದಕ್ಕೆ ಜನ ಕಟ್ಟಿದ ಬೆಲೆ.

ಗ್ರಹಾಂ ಅವರೂ ಪಾರಾಗಲಿಲ್ಲ. ಮನೆಯಲ್ಲೂ ಆಗ ದುಃಖದ ಕಾಲ. 1927ರಲ್ಲಿ ಚೊಚ್ಚಲ ಮಗ ನ್ಯೂಟನ್ ಬಾಲ್ಯದಲ್ಲೇ ಮಿದುಳಿನ ಪೊರೆಯ ರೋಗದಿಂದ ತೀರಿಹೋಗಿದ್ದ. ವ್ಯವಹಾರದಲ್ಲಿ 1929ರ ಕುಸಿತವನ್ನು ಸುಮಾರು ನೂರಕ್ಕೆ 20ರ ನಷ್ಟದಲ್ಲಿ ದಾಟಿದ ಅವರು, ಕೇಡು ಕಳೆಯಿತೆಂದು ಭಾವಿಸಿ ಸಾಲದ ಬಲದಿಂದ ಮತ್ತೆ ಕೊಂಡರು. 1930ರಲ್ಲಿ ಇದ್ದುದರ ಅರ್ಧ ಹೋಯಿತು. 1932ರ ಕೊನೆಗೆ ನೋಡಿದರೆ 25 ಲಕ್ಷ ಡಾಲರಿನ ನಿಧಿಯಲ್ಲಿ ನೂರಕ್ಕೆ 70ರಷ್ಟು ಕರಗಿತ್ತು. ತಾಯಿಯನ್ನು ಕೆಡಿಸಿದ ಸಾಲವೇ ಮಗನನ್ನೂ ಕೆಡಿಸಿತ್ತು. ಭರ್ಜರಿ ಬಾಡಿಗೆಯ ಮನೆಯನ್ನು ಬಿಟ್ಟು ಸಂಸಾರ ಸಣ್ಣ ಮನೆಗೆ ಬಂತು. ಹಿಂದಿನ ನಷ್ಟವನ್ನು ತುಂಬಿಸಿಕೊಡುವವರೆಗೆ ತಮಗೆ ಸಂಭಾವನೆಯಿಲ್ಲವೆಂಬ ಕರಾರಿಗೆ ಬದ್ಧರಾಗಿ ಗ್ರಹಾಂ, ನ್ಯೂಮನ್ ಇಬ್ಬರೂ ಐದು ವರ್ಷ ದುಡಿದರು. ಅಧ್ಯಾಪನ, ಬರವಣಿಗೆ, ನ್ಯಾಯಾಲಯಗಳಲ್ಲಿ ತಜ್ಞಸಾಕ್ಷಿ, ಇವುಗಳಿಂದ ಮನೆ ನಡೆಯಿತು. 1935ರ ಕೊನೆಗೆ ನಷ್ಟವೆಲ್ಲ ತುಂಬಿತು.

ಆ ಕಷ್ಟದ ನಡುವೆಯೇ, 1934ರಲ್ಲಿ, ಕೊಲಂಬಿಯಾದ ರಾತ್ರಿ ತರಗತಿಗಳ ಪಾಠಗಳನ್ನು ಆಧರಿಸಿ ಡೇವಿಡ್ ಡಾಡ್ ಅವರೊಡನೆ ಸೆಕ್ಯುರಿಟಿ ಅನಾಲಿಸಿಸ್ ಎಂಬ ದೊಡ್ಡ ಗ್ರಂಥವನ್ನು ಹೊರತಂದರು. ಷೇರುಪೇಟೆಯ ಪೆಟ್ಟು ತಿಂದ ಜನ ಷೇರೆಂಬ ಶಬ್ದಕ್ಕೇ ಹೆದರುತ್ತಿದ್ದ ಕಾಲದಲ್ಲಿ, ಷೇರಿನ ಯೋಗ್ಯತೆಯನ್ನು ಅಳೆಯುವ ಶಾಸ್ತ್ರವೊಂದು ಸಾಧ್ಯವೆಂದು ತೋರಿಸಿಕೊಟ್ಟ ಗ್ರಂಥವದು.

ಲಾಭದ ಅಂಕಿ ಮತ್ತು ತೋಟದ ಫಸಲು

ಕಂಪೆನಿಗಳು ಪ್ರಕಟಿಸುವ ಲಾಭದ ಅಂಕಿಯ ಬಗ್ಗೆ ಗ್ರಹಾಂ ಹೇಳಿದ್ದೇನು? ಒಂದು ವರ್ಷದ ಲಾಭವನ್ನು ನೆಚ್ಚಿ ಬೆಲೆ ಕಟ್ಟಬೇಡಿ, ಏಳರಿಂದ ಹತ್ತು ವರ್ಷಗಳ ಸರಾಸರಿ ನೋಡಿ ಎಂಬುದು ಅವರ ಬೋಧನೆಯ ಸಾರ. ಒಂದು ವರ್ಷವನ್ನೇ ನೆಚ್ಚಬಾರದೆಂದ ಮೇಲೆ ಮೂರು ತಿಂಗಳ ಮಾತೇನು?

ಅಡಿಕೆ ಬೆಳೆಯುವ ನಮ್ಮ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತೋಟ ಕೊಳ್ಳಹೊರಟವರು ಈ ವರ್ಷದ ಫಸಲೊಂದನ್ನೇ ನೋಡುವುದಿಲ್ಲ. ನೀರಿನಾಸರೆ ಹೇಗಿದೆ, ಮರಗಳ ಪ್ರಾಯವೆಷ್ಟು, ಹಳದಿ ರೋಗ ತಗಲಿದೆಯೇ, ಹತ್ತು ವರ್ಷಗಳಲ್ಲಿ ಸರಾಸರಿ ಎಷ್ಟು ಕ್ವಿಂಟಾಲ್ ಬಂದಿದೆ ಎಂದು ವಿಚಾರಿಸುತ್ತಾರೆ. ಒಂದು ಮಳೆಗಾಲದ ಕೊಳೆರೋಗ ಕಂಡು ಒಳ್ಳೆಯ ತೋಟವನ್ನು ಬಿಡುವುದಿಲ್ಲ, ಒಂದು ವರ್ಷದ ಭರ್ಜರಿ ಫಸಲು ಕಂಡು ಹಾಳು ತೋಟಕ್ಕೆ ದುಬಾರಿ ತೆರುವುದೂ ಇಲ್ಲ. ಇದೇ ವಿವೇಕವನ್ನು ಕಂಪೆನಿಗಳ ವಿಷಯದಲ್ಲೂ ಬಳಸಿರೆಂದು ಗ್ರಹಾಂ ಹೇಳಿದರು, ಅಷ್ಟೆ.

ಪ್ರಕಟವಾಗುವ ಅಂಕಿಯೂ ಕಣ್ಣಿಗೆ ಕಂಡಷ್ಟು ಸರಳವಲ್ಲ. 1970ನೇ ಸಾಲಿಗೆ ಅಲ್ಕೋವಾ ಎಂಬ ಅಲ್ಯುಮಿನಿಯಂ ಕಂಪೆನಿ ಪ್ರಕಟಿಸಿದ ಲೆಕ್ಕವನ್ನು ಅವರು ಬಿಡಿಸಿ ತೋರಿಸಿದ್ದಾರೆ. ಷೇರೊಂದರ ಲಾಭ ಒಂದು ರೀತಿಯಿಂದ 5 ಡಾಲರ್ 20 ಸೆಂಟ್. ಮುಂದೆ ಹೊಸದಾಗಿ ಹುಟ್ಟಬಹುದಾದ ಷೇರುಗಳನ್ನೂ ಎಣಿಸಿದರೆ 5 ಡಾಲರ್ 1 ಸೆಂಟ್. ವಿಶೇಷ ಖರ್ಚುಗಳನ್ನು ಕಳೆದರೆ 4 ಡಾಲರ್ 32 ಸೆಂಟ್. ಎರಡನ್ನೂ ಲೆಕ್ಕಕ್ಕೆ ಹಿಡಿದರೆ 4 ಡಾಲರ್ 19 ಸೆಂಟ್. ಒಂದೇ ಕಂಪೆನಿ, ಒಂದೇ ವರ್ಷ, ಲಾಭ ನಾಲ್ಕು ಬಗೆ! ಯಾವುದು ನಿಜ? ಎಲ್ಲವೂ ನಿಯಮದಂತೆ ಸರಿಯೇ. ಪತ್ರಿಕೆಯ ತಲೆಬರಹದ ಅಂಕಿ ಕಂಡು ಓಡಿಹೋಗಿ ಕೊಳ್ಳುವವನಿಗೆ ಯಾವ ಅಂಕಿಗೆ ತಾನು ಬೆಲೆ ತೆತ್ತೆನೆಂದೇ ತಿಳಿದಿರುವುದಿಲ್ಲ. ವಿಶೇಷ ಖರ್ಚೆಂಬುದು ವರ್ಷವರ್ಷವೂ ಬರುತ್ತಿದ್ದರೆ ಅದರಲ್ಲಿ ವಿಶೇಷವೇನು ಬಂತೆಂದೂ ಕೇಳಬೇಕಲ್ಲವೇ?

ಸಾಮಾನ್ಯ ಜನರಿಗಾಗಿ ಅವರು 1949ರಲ್ಲಿ ಬರೆದ ದಿ ಇಂಟೆಲಿಜೆಂಟ್ ಇನ್ವೆಸ್ಟರ್ ಎಂಬ ಪುಸ್ತಕದಲ್ಲಿ ಪೇಟೆಯನ್ನೇ ಒಬ್ಬ ಮನುಷ್ಯನನ್ನಾಗಿ ಚಿತ್ರಿಸಿದ್ದಾರೆ. ಆತ ನಮ್ಮ ವ್ಯಾಪಾರದ ಪಾಲುದಾರ. ದಿನಾ ಬಂದು, ನಿನ್ನ ಪಾಲನ್ನು ಇಷ್ಟಕ್ಕೆ ಕೊಡು ಅಥವಾ ನನ್ನ ಪಾಲನ್ನು ಇಷ್ಟಕ್ಕೆ ತೆಗೆದುಕೋ ಎನ್ನುತ್ತಾನೆ. ಒಂದು ದಿನ ಹುರುಪಿನಿಂದ ಹುಚ್ಚು ಬೆಲೆ ಹೇಳುತ್ತಾನೆ, ಇನ್ನೊಂದು ದಿನ ಹೆದರಿ ಪುಕ್ಕಟೆ ಬೆಲೆಗೆ ಕೊಡಹೊರಡುತ್ತಾನೆ. ಅನುಕೂಲವಾದಾಗ ಅವನೊಡನೆ ವ್ಯವಹರಿಸಬಹುದು, ಇಲ್ಲವಾದರೆ ಸುಮ್ಮನಿರಬಹುದು. ಅವನು ಹೇಳಿದ ಬೆಲೆಯೇ ನಮ್ಮ ಆಸ್ತಿಯ ಯೋಗ್ಯತೆಯೆಂದು ನಂಬಿದರೆ ಮಾತ್ರ ಕೆಟ್ಟೆವು. ತ್ರೈಮಾಸಿಕ ಲೆಕ್ಕದ ದಿನ ಈ ಪಾಲುದಾರನ ತಲೆ ಎಂದಿಗಿಂತ ಹೆಚ್ಚು ಕೆಟ್ಟಿರುತ್ತದೆ.

ಹೊಸ ಯಂತ್ರವಿದ್ಯೆಯ ಕಂಪೆನಿಗಳಲ್ಲಿ ಈ ಏರುಪೇರು ಅತಿ. ಗ್ರಹಾಂ ಕೊಟ್ಟ ಉದಾಹರಣೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಆರು ವರ್ಷಗಳಲ್ಲಿ ಅದರ ಷೇರು 5 ಡಾಲರಿನಿಂದ 256 ಡಾಲರಿಗೇರಿತು. ಅದೇ ಅವಧಿಯಲ್ಲಿ ಷೇರೊಂದರ ಲಾಭ 40 ಸೆಂಟಿನಿಂದ 3 ಡಾಲರ್ 91 ಸೆಂಟಿಗೆ ಏರಿತ್ತು. ಲಾಭ ಸುಮಾರು ಹತ್ತು ಪಟ್ಟಾದರೆ ಬೆಲೆ ಐವತ್ತು ಪಟ್ಟು! ಎರಡು ವರ್ಷಗಳಲ್ಲಿ ಲಾಭ ಅರ್ಧದಷ್ಟು ಇಳಿಯಿತು, ಬೆಲೆ 49 ಡಾಲರಿಗೆ ಬಿತ್ತು. ಕಂಪೆನಿ ಕೆಟ್ಟದ್ದಾಗಿರಲಿಲ್ಲ. ಆದರೆ ಬೆಲೆ ಆಕಾಶ ಮುಟ್ಟಿದಾಗ ಕೊಂಡವನಿಗೆ, ಕಂಪೆನಿ ಒಳ್ಳೆಯದೆಂಬ ಸಮಾಧಾನದಿಂದ ಹೊಟ್ಟೆ ತುಂಬಲಿಲ್ಲ.

ಗುರುವಿನ ಮಿತಿ

ಗ್ರಹಾಂ ಅವರನ್ನು ದೇವರಾಗಿ ಮಾಡುವ ಇಚ್ಛೆ ನಮಗಿಲ್ಲ. ಅವರ ಅಳತೆಗೋಲಿಗೆ ಕೊರತೆಯಿತ್ತು. ಕೈಗೆ ಸಿಗುವ ಆಸ್ತಿಯನ್ನೇ ಮುಖ್ಯವಾಗಿ ನೋಡಿದ ಅವರು ಐಬಿಎಂನಂಥ ಕಂಪೆನಿಯನ್ನು ಕಣ್ಣೆದುರೇ ಬಿಟ್ಟುಕೊಟ್ಟರು. ಜನರ ಬುದ್ಧಿಶಕ್ತಿಯೇ ಬಂಡವಾಳವಾದ ಕಂಪೆನಿಗಳನ್ನು ಆ ಗೋಲಿನಿಂದ ಅಳೆಯುವುದು ಕಷ್ಟ. 1948ರಲ್ಲಿ ಗೈಕೋ ಎಂಬ ವಿಮಾ ಕಂಪೆನಿಯ ಅರ್ಧ ಪಾಲನ್ನು ಅವರ ಸಂಸ್ಥೆ ಸುಮಾರು 7 ಲಕ್ಷ ಡಾಲರಿಗೆ ಕೊಂಡಿತು. ನೂರಾರು ಷೇರುಗಳನ್ನು ಅಳೆದು ತೂಗಿ ಅನೇಕ ವರ್ಷ ಗಳಿಸಿದ ಲಾಭವನ್ನೆಲ್ಲ ಈ ಒಂದು ಖರೀದಿ ಮೀರಿಸಿತೆಂದೂ, ಇದರಲ್ಲಿ ಅದೃಷ್ಟದ ಪಾಲೂ ಇದೆಯೆಂದೂ ಅವರೇ ಒಪ್ಪಿಕೊಂಡಿದ್ದಾರೆ.

ಕೊಲಂಬಿಯಾದ ಅವರ ತರಗತಿಗೆ 1950ರಲ್ಲಿ ನೆಬ್ರಾಸ್ಕಾದಿಂದ ಬಂದ ತರುಣನೊಬ್ಬನ ಹೆಸರು ವಾರೆನ್ ಬಫೆಟ್. ಆತ ಮುಂದೆ ಜಗತ್ತಿನ ಅತ್ಯಂತ ಶ್ರೀಮಂತರಲ್ಲೊಬ್ಬನಾದ. ಗುರು ಹೇಳಿಕೊಟ್ಟದ್ದನ್ನು ಬಿಡದೆ, ಗುರು ಕಾಣದೆ ಹೋದದ್ದನ್ನೂ ಕಂಡವನು ಆತ.

ಗ್ರಹಾಂ ಮಾತ್ರ ಹಣದ ಬೆನ್ನುಹತ್ತಿ ಆಯುಷ್ಯ ಕಳೆಯಲಿಲ್ಲ. 1956ರಲ್ಲಿ ಸಂಸ್ಥೆಯನ್ನು ಮುಚ್ಚಿ ಕ್ಯಾಲಿಫೋರ್ನಿಯಾಕ್ಕೆ ಹೋದರು, ಅಲ್ಲಿ ಪಾಠ ಹೇಳಿದರು. ಉರುಗ್ವೆಯ ಲೇಖಕ ಮಾರಿಯೋ ಬೆನೆಡೆಟ್ಟಿಯವರ ಕಾದಂಬರಿಯೊಂದನ್ನು ಸ್ಪ್ಯಾನಿಷ್ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸಿದರು. 1976ರಲ್ಲಿ ನಡೆದ ಸಂದರ್ಶನವೊಂದರಲ್ಲಿ ಅವರು ಹೇಳಿದ ಅಭಿಪ್ರಾಯ ಗಮನಾರ್ಹ: ತಾನು ಗ್ರಂಥ ಬರೆದ ಕಾಲದಲ್ಲಿ ಲೆಕ್ಕ ಓದುವವರು ಕೆಲವರೇ ಇದ್ದರು, ಈಗ ಅದೇ ಕೆಲಸಕ್ಕೆ ಅಸಂಖ್ಯ ತಜ್ಞರು ಕುಳಿತಿರುವಾಗ ಷೇರು ಆರಿಸುವುದರಲ್ಲಿ ಇತರರನ್ನು ಮೀರಿಸುವುದು ಹೆಚ್ಚಿನವರಿಗೆ ಸಾಧ್ಯವೇ ಎಂಬ ಸಂಶಯ ತನಗಿದೆ ಎಂದು. ಅದೇ ವರ್ಷ ಸೆಪ್ಟೆಂಬರ್ 21ರಂದು ಫ್ರಾನ್ಸಿನ ಎಕ್ಸ್ ಆಂ ಪ್ರೊವಾನ್ಸ್ ಎಂಬ ಊರಿನಲ್ಲಿ 82ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಮಾತು

ಲೆಕ್ಕ ಓದುವ ವಿದ್ಯೆಯನ್ನು ಜಗತ್ತಿಗೆ ಕಲಿಸಿದವರೇ ಹೀಗೆ ಸಂಶಯಪಟ್ಟ ಮೇಲೆ, ಲೆಕ್ಕ ಬರುವ ಹಿಂದಿನ ರಾತ್ರಿ ಮೊಬೈಲಿನಲ್ಲಿ ಸುಳಿವು ಹುಡುಕುವ ನಮ್ಮ ಹುಡುಗರ ಗತಿಯೇನು? ಸೆಬಿ ಮಂಡಳಿ 2024ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಷೇರು ಬೆಲೆಯ ಏರಿಳಿತದ ಮೇಲೆ ಮುಂಗಡ ಕರಾರು ಮಾಡುವ ವ್ಯವಹಾರಕ್ಕೆ ಇಳಿದ ವ್ಯಕ್ತಿಗಳಲ್ಲಿ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ, ನೂರಕ್ಕೆ 93 ಮಂದಿ ಹಣ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿದ್ದು. ಇದರಲ್ಲಿ ಮಗಳ ಮದುವೆಗೆಂದು ಇಟ್ಟದ್ದೆಷ್ಟು, ಕೊಲ್ಲಿ ದೇಶದ ಬಿಸಿಲಿನಲ್ಲಿ ದುಡಿದು ಕಳುಹಿಸಿದ್ದೆಷ್ಟು, ಹೆತ್ತವರಿಗೆ ತಿಳಿಸದೆ ಸಾಲ ಎತ್ತಿದ್ದೆಷ್ಟು ಎಂಬ ಲೆಕ್ಕ ಯಾವ ವರದಿಯಲ್ಲೂ ಸಿಗುವುದಿಲ್ಲ.

ಷೇರು ಕೊಳ್ಳುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಗ್ರಹಾಂ ಅವರೂ ಹಾಗೆ ಹೇಳಲಿಲ್ಲ. ಸಾಲ ಮಾಡಿ ಕೊಳ್ಳಬಾರದು, ಅರ್ಥವಾಗದ್ದನ್ನು ಕೊಳ್ಳಬಾರದು, ಯೋಗ್ಯತೆಗಿಂತ ಕಡಿಮೆ ಬೆಲೆಗೆ ಸಿಕ್ಕಿದಾಗ ಕೊಂಡು ತಾಳ್ಮೆಯಿಂದಿರಬೇಕು. ಇಷ್ಟನ್ನು ಕಲಿಯಲು ಅವರು ತಮ್ಮ ತಾಯಿಯ ಹಣವನ್ನೂ ತಮ್ಮ ಹಣವನ್ನೂ ತೆತ್ತರು. ಅದೇ ಪಾಠಕ್ಕೆ ನಮ್ಮ ಮನೆಗಳೂ ಅಷ್ಟೇ ಶುಲ್ಕ ತೆರಬೇಕಾಗಿಲ್ಲ. ಮುಂದಿನ ಸಲ ಮನೆಯ ಹುಡುಗ ನಾಳೆ ಇಂಥ ಕಂಪೆನಿಯ ಲೆಕ್ಕ ಬರುತ್ತದೆಂದು ಉತ್ಸಾಹದಿಂದ ಹೇಳಿದಾಗ ಹಿರಿಯರು ಗದರಿಸುವುದು ಬೇಡ. ಹತ್ತು ವರ್ಷದ ಫಸಲು ಹೇಗಿತ್ತು ಮಗಾ ಎಂದು ಕೇಳಿದರೆ ಸಾಕು.